ಒಪ್ಪಂದ ತೀರ್ಮಾನಿಸದ ಪ್ರಶ್ನೆ: ಐರ್ಲೆಂಡಿನಲ್ಲಿ ಹಿಂಸೆ ಮತ್ತು ಜನಾದೇಶ

1998ರ ಏಪ್ರಿಲ್ 10ರಂದು ಬೆಲ್‌ಫಾಸ್ಟಿನಲ್ಲಿ ಬ್ರಿಟಿಷ್ ಮತ್ತು ಐರಿಷ್ ಸರ್ಕಾರಗಳೂ ಉತ್ತರ ಐರ್ಲೆಂಡಿನ ಬಹುಪಾಲು ರಾಜಕೀಯ ಪಕ್ಷಗಳೂ ಒಪ್ಪಿಕೊಂಡ ಗುಡ್ ಫ್ರೈಡೆ ಒಪ್ಪಂದವು, ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದ್ದ ಸಂಘರ್ಷವನ್ನು ಬಹುಮಟ್ಟಿಗೆ ನಿಲ್ಲಿಸಿತು. ಸುಮಾರು 15 ಲಕ್ಷ ಜನಸಂಖ್ಯೆಯ ಪುಟ್ಟ ಪ್ರದೇಶಕ್ಕೆ ಅದು ಸಣ್ಣ ಸಂಖ್ಯೆಯಲ್ಲ. ಆಡಳಿತ ಹೇಗೆ ನಡೆಯಬೇಕು, ಪೊಲೀಸ್ ವ್ಯವಸ್ಥೆ ಹೇಗೆ ಬದಲಾಗಬೇಕು, ಕೈದಿಗಳು ಯಾವಾಗ ಬಿಡುಗಡೆಯಾಗಬೇಕು, ಮುಂದೊಂದು ದಿನ ಐರ್ಲೆಂಡ್ ದ್ವೀಪ ಒಂದಾಗುವುದಾದರೆ ಅದಕ್ಕೆ ದಾರಿ ಯಾವುದು ಎಂಬುದನ್ನೆಲ್ಲ ಒಪ್ಪಂದ ನಮೂದಿಸಿತು. ಆದರೆ ನಡೆದುಹೋದ ಹಿಂಸೆ ಸರಿಯೋ ತಪ್ಪೋ, ಅದನ್ನು ನಡೆಸಿದವರಿಗೆ ಹಾಗೆ ಮಾಡುವ ಅಧಿಕಾರವಿತ್ತೋ ಇಲ್ಲವೋ ಎಂಬ ಪ್ರಶ್ನೆಯ ಬಗ್ಗೆ ಅದು ಬಾಯಿ ಬಿಡಲಿಲ್ಲ. ಸಂಘರ್ಷದ ಕಾಲದ ದುರಂತಗಳು ವಿಷಾದನೀಯವೆಂದು ಹೇಳಿ, ಆ ದುರಂತಗಳ ಹೊಣೆಗಾರರು ಯಾರೆಂಬುದನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬಿಟ್ಟುಬಿಟ್ಟಿತು. ಬಿಡದಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಬಂದೂಕಿನ ಜಗಳ ನಿಂತ ಮೇಲೆ ಆ ಜಗಳದ ಅರ್ಥವೇನೆಂಬ ಜಗಳ ಶುರುವಾದದ್ದು ಈ ಮೌನದಿಂದಲೇ.

ಈ ವಾದದಲ್ಲಿ ಮತ್ತೆ ಮತ್ತೆ ಬರುವ ಕೆಲವು ಹೆಸರುಗಳನ್ನು ಮೊದಲು ತಿಳಿದುಕೊಳ್ಳಬೇಕು. 1920ರ ಬ್ರಿಟಿಷ್ ಕಾನೂನಿನಂತೆ ದ್ವೀಪವು ಇಬ್ಭಾಗವಾದಾಗ ಈಶಾನ್ಯದ ಆರು ಕೌಂಟಿಗಳು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಭಾಗವಾಗಿಯೇ ಉಳಿದವು. ಆ ಸಂಬಂಧ ಮುಂದುವರಿಯಬೇಕೆನ್ನುವವರು, ಬಹುತೇಕ ಪ್ರಾಟೆಸ್ಟೆಂಟರು, ಯೂನಿಯನಿಸ್ಟರು. ಅವರಲ್ಲಿ ಶಸ್ತ್ರ ಹಿಡಿದ ಗುಂಪುಗಳಿಗೂ ಅವುಗಳ ಬೆಂಬಲಿಗರಿಗೂ ಲಾಯಲಿಸ್ಟರೆಂದು ಹೆಸರು. ದ್ವೀಪ ಒಂದಾಗಬೇಕೆಂದು ಬಯಸುವ, ಬಹುತೇಕ ಕ್ಯಾಥೊಲಿಕರಾದ ಜನ ರಾಷ್ಟ್ರೀಯವಾದಿಗಳು. ಅವರಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಬಲಪ್ರಯೋಗದಿಂದಲಾದರೂ ಕೊನೆಗಾಣಿಸಬೇಕೆಂಬ ಪರಂಪರೆಗೆ ಸೇರಿದವರು ರಿಪಬ್ಲಿಕನ್ನರು. ಐರಿಷ್ ರಿಪಬ್ಲಿಕನ್ ಆರ್ಮಿ, ಅಂದರೆ ಐಆರ್‌ಎ, ಈ ಪರಂಪರೆಯ ಸೇನೆ. ಶಿನ್ ಫೇನ್ ಅದರ ರಾಜಕೀಯ ಪಕ್ಷ. ಸಂಘರ್ಷದಲ್ಲಿ ಸತ್ತವರ ಪೈಕಿ ಸುಮಾರು ಶೇ 60ರಷ್ಟು ಜನರನ್ನು ರಿಪಬ್ಲಿಕನ್ ಗುಂಪುಗಳೂ ಶೇ 30ರಷ್ಟು ಜನರನ್ನು ಲಾಯಲಿಸ್ಟ್ ಗುಂಪುಗಳೂ ಶೇ 10ರಷ್ಟು ಜನರನ್ನು ಬ್ರಿಟಿಷ್ ಸೇನೆ ಮತ್ತು ಪೊಲೀಸರೂ ಕೊಂದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾವ ಸೇನೆಗೂ ಸೇರದ ನಾಗರಿಕರು.

ಬಲಪ್ರಯೋಗವು ನ್ಯಾಯಸಮ್ಮತವಾಗಬೇಕಾದರೆ ಅದಕ್ಕೆ ಕಾರಣ ಸರಿಯಿದ್ದರೆ ಸಾಲದು. ಅದನ್ನು ಪ್ರಯೋಗಿಸುವವರಿಗೆ ಅಧಿಕಾರವಿರಬೇಕು, ಬೇರೆಲ್ಲ ದಾರಿಗಳೂ ಮುಚ್ಚಿರಬೇಕು, ಸಾಧಿಸಬೇಕಾದ ಉದ್ದೇಶಕ್ಕಿಂತ ಆಗುವ ಹಾನಿ ಮಿಗಿಲಾಗಿರಬಾರದು ಎಂದು ಐರೋಪ್ಯ ಚಿಂತನೆಯಲ್ಲಿ ಬಹುಕಾಲದಿಂದ ಹೇಳಿಕೊಂಡು ಬರಲಾಗಿದೆ. ಐರ್ಲೆಂಡಿನ ವಾದದಲ್ಲಿ ಈ ಎಲ್ಲ ಅಂಶಗಳೂ ಇವೆ. ಆದರೂ ಅಲ್ಲಿ ಎಲ್ಲಕ್ಕಿಂತ ತೀವ್ರವಾಗಿ ಚರ್ಚೆಯಾದದ್ದು ಅಧಿಕಾರದ ಪ್ರಶ್ನೆ: ಐರಿಷ್ ಜನರ ಹೆಸರಿನಲ್ಲಿ ಗುಂಡು ಹಾರಿಸಲು ಅಪ್ಪಣೆ ಕೊಟ್ಟವರು ಯಾರು? ಇದಕ್ಕೆ ರಿಪಬ್ಲಿಕನ್ನರು ಕೊಡುತ್ತಿದ್ದ ಉತ್ತರ, ಹೊರಗಿನವರಿಗೆ ವಿಚಿತ್ರವೆನಿಸಿದರೂ, ಕಾನೂನಿನ ಭಾಷೆಯಲ್ಲಿ ಬಿಗಿಯಾಗಿ ಹೆಣೆದ ಉತ್ತರವಾಗಿತ್ತು.

1916ರ ಏಪ್ರಿಲ್‌ನಲ್ಲಿ ಈಸ್ಟರ್ ಸೋಮವಾರದಂದು ಡಬ್ಲಿನ್ನಿನಲ್ಲಿ ದಂಗೆಯೆದ್ದು ಗಣರಾಜ್ಯವನ್ನು ಘೋಷಿಸಿದವರಿಗೆ ಯಾವ ಚುನಾವಣೆಯ ಬೆಂಬಲವೂ ಇರಲಿಲ್ಲ. ಆ ವಾರ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಮಾನ್ಯ ನಗರವಾಸಿಗಳು. ಬ್ರಿಟಿಷರು ನಾಯಕರನ್ನು ಗುಂಡಿಟ್ಟು ಕೊಂದ ಮೇಲೆ ಜನಾಭಿಪ್ರಾಯ ತಿರುಗಿತು. 1918ರ ಡಿಸೆಂಬರಿನ ಚುನಾವಣೆಯಲ್ಲಿ ಶಿನ್ ಫೇನ್ 105 ಸ್ಥಾನಗಳ ಪೈಕಿ 73ನ್ನು ಗೆದ್ದಿತು. ಗೆದ್ದವರು ಲಂಡನ್ನಿಗೆ ಹೋಗದೆ 1919ರ ಜನವರಿ 21ರಂದು ಡಬ್ಲಿನ್ನಿನಲ್ಲೇ ಡಾಯ್ಲ್ ಎಂಬ ತಮ್ಮ ಸಂಸತ್ತನ್ನು ಕೂಡಿಸಿದರು. ಅದೇ ದಿನ ಟಿಪ್ಪರರಿ ಕೌಂಟಿಯ ಸೊಲೊಹೆಡ್‌ಬೆಗ್‌ನಲ್ಲಿ ಸ್ಫೋಟಕ ಸಾಗಿಸುತ್ತಿದ್ದ ಬಂಡಿಯ ಕಾವಲಿಗಿದ್ದ ಇಬ್ಬರು ಪೊಲೀಸರನ್ನು ಐಆರ್‌ಎ ಆಗಲಿದ್ದ ಪಡೆಯ ಯುವಕರು ಹೊಂಚುಹಾಕಿ ಕೊಂದರು. ಆ ಹೊಂಚುದಾಳಿಗೆ ಡಾಯ್ಲ್‌ನ ಅಪ್ಪಣೆ ಇರಲಿಲ್ಲ. ಸೇನೆ ಮಾಡಿದ್ದಕ್ಕೆಲ್ಲ ತಾನು ಹೊಣೆಯೆಂದು ಡಾಯ್ಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1921ರಲ್ಲಿ. ಸಂಸತ್ತೂ ಬಂದೂಕೂ ಒಂದೇ ದಿನ ಕಣಕ್ಕಿಳಿದವು. ಯಾವುದು ಯಾವುದಕ್ಕೆ ಅಧೀನವೆಂಬುದು ಅಂದೂ ಸ್ಪಷ್ಟವಾಗಿರಲಿಲ್ಲ, ಮುಂದೆ ಬಹಳ ಕಾಲ ಸ್ಪಷ್ಟವಾಗಲೂ ಇಲ್ಲ. (ಈಸ್ಟರ್ ದಂಗೆಯ ಕಥೆ ಭಾರತಕ್ಕೂ ತಲುಪಿತ್ತು: 1930ರ ಏಪ್ರಿಲ್ 18ರಂದು ಚಿತ್ತಗಾಂಗಿನ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ ಸೂರ್ಯ ಸೇನ್ ಅವರ ತಂಡ ತನ್ನನ್ನು ಇಂಡಿಯನ್ ರಿಪಬ್ಲಿಕನ್ ಆರ್ಮಿ ಎಂದೇ ಕರೆದುಕೊಂಡಿತು; ಅಂದು ಗುಡ್ ಫ್ರೈಡೆ.)

1921ರ ಡಿಸೆಂಬರ್ 6ರಂದು ಲಂಡನ್ನಿನಲ್ಲಿ ಸಹಿಯಾದ ಆಂಗ್ಲೋ-ಐರಿಷ್ ಒಪ್ಪಂದವು ಐರ್ಲೆಂಡಿಗೆ ಪೂರ್ಣ ಗಣರಾಜ್ಯವನ್ನು ಕೊಡದೆ, ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಾದ ಸ್ವತಂತ್ರ ರಾಜ್ಯವೊಂದನ್ನು ಕೊಟ್ಟಿತು. ಡಾಯ್ಲ್ ಅದನ್ನು 64ಕ್ಕೆ 57 ಮತಗಳಿಂದ ಅಂಗೀಕರಿಸಿತು. 1922ರ ಜೂನ್ ಚುನಾವಣೆಯಲ್ಲಿ ಒಪ್ಪಂದದ ವಿರೋಧಿಗಳಿಗೆ ಸಿಕ್ಕಿದ್ದು 128 ಸ್ಥಾನಗಳಲ್ಲಿ 36 ಮಾತ್ರ. ಆದರೂ ಅವರ ನಾಯಕ ಏಮನ್ ಡಿ ವಲೇರಾ ಮತ್ತು ಐಆರ್‌ಎಯ ದೊಡ್ಡ ಭಾಗ ಸೋಲನ್ನು ಒಪ್ಪಲಿಲ್ಲ: ಗಣರಾಜ್ಯ ಒಮ್ಮೆ ಘೋಷಣೆಯಾಗಿದೆ, ಅದನ್ನು ಬಿಟ್ಟುಕೊಡುವ ಹಕ್ಕು ಬಹುಮತಕ್ಕೂ ಇಲ್ಲ ಎಂಬುದು ಅವರ ವಾದ. ಹೀಗೆ ಐರ್ಲೆಂಡಿನ ಮೊದಲ ಶಾಂತಿ ಒಪ್ಪಂದವೇ ಅಂತರ್ಯುದ್ಧಕ್ಕೆ ಕಾರಣವಾಯಿತು. 1922ರ ಜೂನ್ 28ರಿಂದ 1923ರ ಮೇ 24ರವರೆಗೆ ನಡೆದ ಆ ಯುದ್ಧದಲ್ಲಿ ಹೊಸ ಸರ್ಕಾರ ತನ್ನ ಹಳೆಯ ಸಂಗಾತಿಗಳ ವಿರುದ್ಧ ತೋರಿದ ಕ್ರೌರ್ಯ ಬ್ರಿಟಿಷರದ್ದನ್ನೂ ಮೀರಿಸುವಂತಿತ್ತು. 1922ರ ಡಿಸೆಂಬರ್ 7ರಂದು ಡಾಯ್ಲ್ ಸದಸ್ಯ ಶಾನ್ ಹೇಲ್ಸ್ ಅವರನ್ನು ಡಬ್ಲಿನ್ ಬೀದಿಯಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಮರುದಿನ ಬೆಳಿಗ್ಗೆ, ಐದು ತಿಂಗಳಿಗೂ ಹೆಚ್ಚು ಕಾಲದಿಂದ ಸೆರೆಯಲ್ಲೇ ಇದ್ದ, ಆದ್ದರಿಂದ ಆ ಕೊಲೆಯಲ್ಲಿ ಕೈಯಿರಲು ಸಾಧ್ಯವೇ ಇರದ ನಾಲ್ವರು ರಿಪಬ್ಲಿಕನ್ ನಾಯಕರನ್ನು ಮೌಂಟ್‌ಜಾಯ್ ಜೈಲಿನ ಅಂಗಳದಲ್ಲಿ, ವಿಚಾರಣೆಯ ಸೋಗೂ ಇಲ್ಲದೆ, ಮಂತ್ರಿಮಂಡಲದ ನಿರ್ಧಾರದ ಮೇಲೆ ಕೊಲ್ಲಲಾಯಿತು. ಅವರಲ್ಲಿ ಒಬ್ಬರಾದ ರೋರಿ ಓ'ಕಾನರ್, ಆ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟ ಮಂತ್ರಿ ಕೆವಿನ್ ಓ'ಹಿಗಿನ್ಸ್ ಅವರ ಮದುವೆಯಲ್ಲಿ ವರನ ಪಕ್ಕದಲ್ಲಿ ನಿಂತ ಗೆಳೆಯ. ಮದುವೆಯಾಗಿ ಇನ್ನೂ ಒಂದೂವರೆ ವರ್ಷವೂ ಕಳೆದಿರಲಿಲ್ಲ. 1927ರಲ್ಲಿ ಓ'ಹಿಗಿನ್ಸ್ ಕೂಡ ಐಆರ್‌ಎಯವರ ಗುಂಡಿಗೆ ಬಲಿಯಾದರು.

ಚುನಾಯಿತ ಸರ್ಕಾರ ಕೊಂದರೆ ಅದು ಕಾನೂನು, ಚುನಾವಣೆಯಲ್ಲಿ ಸೋತವರು ಕೊಂದರೆ ಅದು ಕೊಲೆ ಎಂದು ಗೆರೆ ಎಳೆದರೂ, ಮೌಂಟ್‌ಜಾಯ್ ಅಂಗಳದಲ್ಲಿ ನಡೆದದ್ದನ್ನು ಆ ಗೆರೆಯ ಯಾವ ಬದಿಗೆ ಇಡಬೇಕೆಂಬುದು ಐರಿಷ್ ಇತಿಹಾಸಕಾರರನ್ನು ಇಂದಿಗೂ ಕಾಡುತ್ತದೆ. ಹಾಗೆಯೇ, ಬಹುಮತವನ್ನು ಧಿಕ್ಕರಿಸಿ ಯುದ್ಧಕ್ಕಿಳಿದ ಡಿ ವಲೇರಾ 1926ರಲ್ಲಿ ಫಿಯನ್ನ ಫಾಲ್ ಪಕ್ಷ ಕಟ್ಟಿ, 1932ರಲ್ಲಿ ಚುನಾವಣೆಯ ಮೂಲಕವೇ ಅಧಿಕಾರಕ್ಕೆ ಬಂದು, 1936ರಲ್ಲಿ ಐಆರ್‌ಎಯನ್ನು ನಿಷೇಧಿಸಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಅದರ ಕೆಲವು ಸದಸ್ಯರನ್ನು ಮರಣದಂಡನೆಗೂ ಗುರಿಪಡಿಸಿದರು. ಬಂಡಾಯಗಾರ ಆಳುವವನಾದಾಗ ಹಳೆಯ ವಾದವನ್ನು ಮರೆಯುತ್ತಾನೆಂಬ ಆಪಾದನೆ ಐರ್ಲೆಂಡಿನಲ್ಲಿ 1998ರ ನಂತರ ಕೇಳಿಬಂದದ್ದಲ್ಲ, ಅದಕ್ಕೆ ಆಗಲೇ ಅರವತ್ತು ವರ್ಷ ವಯಸ್ಸಾಗಿತ್ತು.

ಡಿ ವಲೇರಾ ಹಾದಿ ಬದಲಿಸಿದರೂ ಹಳೆಯ ಡಾಯ್ಲ್‌ನ ಕೆಲವರು ಬದಲಿಸಲಿಲ್ಲ. 1921ರಲ್ಲಿ ಆಯ್ಕೆಯಾದ ಎರಡನೇ ಡಾಯ್ಲ್ ವಿಧಿಬದ್ಧವಾಗಿ ವಿಸರ್ಜನೆಯಾಗಲೇ ಇಲ್ಲ, ಆದ್ದರಿಂದ ದ್ವೀಪದ ನಿಜವಾದ ಸರ್ಕಾರ ಇನ್ನೂ ತಾವೇ ಎಂದು ನಂಬಿದ್ದ ಏಳು ಜನ, 1938ರ ಡಿಸೆಂಬರಿನಲ್ಲಿ ತಮ್ಮ 'ಅಧಿಕಾರ'ವನ್ನು ಐಆರ್‌ಎಯ ಸೇನಾ ಮಂಡಳಿಗೆ ಹಸ್ತಾಂತರಿಸಿದರು. ಅಂದಿನಿಂದ ಸೇನಾ ಮಂಡಳಿಯು, ತನ್ನ ಸದಸ್ಯರ ದೃಷ್ಟಿಯಲ್ಲಾದರೂ, ಒಂದು ರಹಸ್ಯ ಸಂಘಟನೆಯ ನಾಯಕತ್ವವಾಗಿರದೆ ಗಣರಾಜ್ಯದ ಸರ್ಕಾರವೇ ಆಯಿತು. 1969ರ ಡಿಸೆಂಬರಿನಲ್ಲಿ ಐಆರ್‌ಎ ಒಡೆದು 'ಪ್ರಾವಿಜನಲ್' ಬಣ ಹೊರಬಂದಾಗ, ಆ ಏಳು ಜನರಲ್ಲಿ ಬದುಕಿದ್ದ ಒಬ್ಬರೇ ಒಬ್ಬರಾದ ಟಾಮ್ ಮಗ್ವೈರ್ ಈ ಬಣವೇ ನಿಜವಾದ ವಾರಸುದಾರನೆಂದು ಹೇಳಿಕೆ ಕೊಟ್ಟರು. 1986ರಲ್ಲಿ ಜೆರ್ರಿ ಆ್ಯಡಮ್ಸ್ ನೇತೃತ್ವದ ಶಿನ್ ಫೇನ್, ಡಬ್ಲಿನ್ನಿನ ಡಾಯ್ಲ್‌ಗೆ ಆಯ್ಕೆಯಾದರೆ ಅಲ್ಲಿ ಕುಳಿತುಕೊಳ್ಳುವುದಾಗಿ ನಿರ್ಧರಿಸಿದಾಗ, ರೂರಿ ಓ ಬ್ರಾಡಿ ಮತ್ತು ಸಂಗಡಿಗರು ಸಭೆಯಿಂದ ಹೊರನಡೆದು ರಿಪಬ್ಲಿಕನ್ ಶಿನ್ ಫೇನ್ ಕಟ್ಟಿದರು. ತೊಂಬತ್ತು ದಾಟಿದ್ದ ಮಗ್ವೈರ್ ಈ ಸಲ ಹೊರನಡೆದವರ ಪಕ್ಷ ವಹಿಸಿದರು. ಅವರು 1993ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಒಬ್ಬ ವೃದ್ಧರ ಸಹಿಯ ಮೇಲೆ ಒಂದು ಯುದ್ಧದ ಅಧಿಕಾರ ನಿಂತಿತ್ತೆಂಬುದು ನಗೆ ತರಿಸಬಹುದು. ಆದರೆ ಮತಪೆಟ್ಟಿಗೆಯ ಬೆಂಬಲವಿಲ್ಲದ ಸಂಘಟನೆಗೆ ತಾನು ಕೊಲೆಗಡುಕರ ಗುಂಪಲ್ಲ, ಸೇನೆ ಎಂದು ತನಗೆ ತಾನೇ ಹೇಳಿಕೊಳ್ಳಲು ಇಂಥದೊಂದು ದಾಖಲೆ ಅಗತ್ಯವಾಗಿತ್ತು.

1998ರ ಒಪ್ಪಂದವನ್ನು ರೂಪಿಸಿದವರು, ಅದರಲ್ಲೂ ಅಹಿಂಸೆಯ ರಾಷ್ಟ್ರೀಯವಾದಿಗಳಾದ ಎಸ್‌ಡಿಎಲ್‌ಪಿ ಪಕ್ಷದ ನಾಯಕ ಜಾನ್ ಹ್ಯೂಮ್, ಈ ತರ್ಕವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1918ರ ಚುನಾವಣೆಯೇ ಇಡೀ ದ್ವೀಪದ ಜನ ಒಟ್ಟಾಗಿ ತಮ್ಮ ಇಚ್ಛೆಯನ್ನು ತಿಳಿಸಿದ ಕೊನೆಯ ಸಂದರ್ಭವೆಂದು ಐಆರ್‌ಎ ವಾದಿಸುವುದಾದರೆ, ಇಡೀ ದ್ವೀಪದ ಜನರನ್ನು ಮತ್ತೊಮ್ಮೆ ಕೇಳಬೇಕೆಂಬುದು ಹ್ಯೂಮ್ ಕಂಡುಕೊಂಡ ಉಪಾಯ. ಅದರಂತೆ 1998ರ ಮೇ 22ರಂದು ಗಡಿಯ ಎರಡೂ ಕಡೆ ಒಂದೇ ದಿನ ಜನಮತಗಣನೆ ನಡೆಯಿತು. ಉತ್ತರದಲ್ಲಿ ಶೇ 71, ದಕ್ಷಿಣದಲ್ಲಿ ಶೇ 94 ಮತದಾರರು ಒಪ್ಪಿಗೆ ಕೊಟ್ಟರು. ಉತ್ತರ ಐರ್ಲೆಂಡಿನ ಬಹುಮತ ತನ್ನ ಭವಿಷ್ಯದ ಬಗ್ಗೆ ಮುಕ್ತವಾಗಿ ಮಾಡುವ ಆಯ್ಕೆ ಯಾವುದೇ ಆಗಿರಲಿ ಅದು ನ್ಯಾಯಸಮ್ಮತವೆಂದು ಒಪ್ಪಂದ ಹೇಳಿತು. ದಕ್ಷಿಣದ ಗಣರಾಜ್ಯವು ಉತ್ತರದ ಮೇಲೆ ಹಕ್ಕು ಸ್ಥಾಪಿಸುತ್ತಿದ್ದ ತನ್ನ ಸಂವಿಧಾನದ ಎರಡು ಮತ್ತು ಮೂರನೇ ವಿಧಿಗಳನ್ನು ತಿದ್ದಿಕೊಳ್ಳಲು ಒಪ್ಪಿತು. ಒಂದೇ ದಿನದ ಈ ಜೋಡಿ ಮತದಾನ ಒಪ್ಪಂದದ ಅತ್ಯಂತ ಜಾಣತನದ ಭಾಗ. 1918ರಿಂದ ಎಳೆದುಕೊಂಡು ಬಂದಿದ್ದ ಅಧಿಕಾರದ ಸರಪಳಿ ಅಲ್ಲಿಗೆ ಕಡಿಯಿತು.

ಕಡಿದದ್ದು ಮುಂದಿನ ಹಿಂಸೆಗೆ ಮಾತ್ರ, ಹಿಂದಿನದಕ್ಕಲ್ಲ. ಕೈದಿಗಳ ಬಿಡುಗಡೆಯ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. 1976ರಿಂದ ಬ್ರಿಟಿಷ್ ಸರ್ಕಾರ ಐಆರ್‌ಎ ಕೈದಿಗಳನ್ನು ಸಾಮಾನ್ಯ ಅಪರಾಧಿಗಳಂತೆಯೇ ನಡೆಸಿಕೊಳ್ಳುವುದೆಂದು ಪಟ್ಟು ಹಿಡಿದಿತ್ತು. ತಾವು ರಾಜಕೀಯ ಕೈದಿಗಳೆಂದು ವಾದಿಸಿ 1981ರಲ್ಲಿ ಬಾಬಿ ಸ್ಯಾಂಡ್ಸ್ ಮತ್ತಿತರ ಒಂಬತ್ತು ಮಂದಿ ಉಪವಾಸವಿದ್ದು ಪ್ರಾಣ ಬಿಟ್ಟಿದ್ದರು, ಅದೂ ಸ್ಯಾಂಡ್ಸ್ ಜೈಲಿನಿಂದಲೇ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಮೇಲೆ. 1998ರ ಕಾನೂನಿನಂತೆ ಎರಡು ವರ್ಷಗಳಲ್ಲಿ 400ಕ್ಕೂ ಹೆಚ್ಚು ರಿಪಬ್ಲಿಕನ್ ಮತ್ತು ಲಾಯಲಿಸ್ಟ್ ಕೈದಿಗಳು ಹೊರಬಂದರು. ಆದರೆ ಅದು ಕ್ಷಮಾದಾನವಲ್ಲ: ಶಿಕ್ಷೆ ರದ್ದಾಗಲಿಲ್ಲ, ಷರತ್ತಿನ ಮೇಲೆ ಬಿಡುಗಡೆಯಾಯಿತು, ಷರತ್ತು ಮುರಿದರೆ ಮತ್ತೆ ಸೆರೆ. ಅದೇ ಸಮಯದಲ್ಲಿ, ಕದನವಿರಾಮ ಪಾಲಿಸುತ್ತಿರುವ ಸಂಘಟನೆಗಳ ಸದಸ್ಯರಿಗೆ ಮಾತ್ರ ಈ ಅವಕಾಶವೆಂದು ಕಾನೂನು ಹೇಳಿತು. ಕಳ್ಳರಿಗೂ ದರೋಡೆಕೋರರಿಗೂ ಕದನವಿರಾಮವಿರುವುದಿಲ್ಲ. ಹೀಗಾಗಿ ಬಿಡುಗಡೆಯಾದವರು ತಾವು ಯುದ್ಧಕೈದಿಗಳಾಗಿದ್ದೆವೆಂದೂ, ಸತ್ತವರ ಮನೆಯವರು ಅವರು ಇಂದಿಗೂ ಶಿಕ್ಷಿತ ಕೊಲೆಗಾರರೆಂದೂ ಒಂದೇ ಕಾನೂನನ್ನು ತೋರಿಸಿ ಹೇಳುವಂತಾಯಿತು.

ಶಸ್ತ್ರಗಳ ವಿಷಯವೂ ಹಾಗೆಯೇ ಆಯಿತು. 2005ರ ಸೆಪ್ಟೆಂಬರಿನಲ್ಲಿ ಐಆರ್‌ಎ ತನ್ನ ಶಸ್ತ್ರಾಸ್ತ್ರಗಳನ್ನು ಬಳಕೆಗೆ ಬಾರದಂತೆ ಮಾಡಿದ್ದನ್ನು ಕೆನಡಾದ ಜನರಲ್ ಜಾನ್ ಡಿ ಷಾಸ್ಟಲೈನ್ ನೇತೃತ್ವದ ಆಯೋಗ ದೃಢಪಡಿಸಿತು. ಒಬ್ಬ ಮೆಥಡಿಸ್ಟ್ ಪಾದ್ರಿಯೂ ಒಬ್ಬ ಕ್ಯಾಥೊಲಿಕ್ ಪಾದ್ರಿಯೂ ಸಾಕ್ಷಿಗಳಾಗಿದ್ದರು. ಯೂನಿಯನಿಸ್ಟ್ ನಾಯಕ ಇಯಾನ್ ಪೈಸ್ಲಿ ಫೋಟೊ ಬೇಕೆಂದು ಹಟ ಹಿಡಿದಿದ್ದರು, ಐಆರ್‌ಎ ಕೊನೆಗೂ ಫೋಟೊ ತೆಗೆಯಲು ಬಿಡಲಿಲ್ಲ. ಬಂದೂಕು ಒಪ್ಪಿಸುವ ಚಿತ್ರವೆಂದರೆ ಶರಣಾಗತಿಯ ಚಿತ್ರ, ಶರಣಾಗತಿಯೆಂದರೆ ಯುದ್ಧವೇ ತಪ್ಪಾಗಿತ್ತೆಂಬ ಒಪ್ಪಿಗೆ ಎಂದು ಇಬ್ಬರೂ ಒಂದೇ ರೀತಿ ಅರ್ಥ ಮಾಡಿಕೊಂಡಿದ್ದರು. 2002ರ ಜುಲೈನಲ್ಲಿ ಐಆರ್‌ಎ ಹೊರಡಿಸಿದ ಕ್ಷಮಾಯಾಚನೆಯಲ್ಲೂ ಇದೇ ಎಚ್ಚರಿಕೆಯಿತ್ತು: ತಾನು ಕೊಂದ ನಾಗರಿಕರ ಮನೆಯವರ ಕ್ಷಮೆಯನ್ನು ಅದು ಪ್ರಾಮಾಣಿಕವಾಗಿ ಕೇಳಿತು, ಸೈನಿಕರ ಮತ್ತು ಪೊಲೀಸರ ಮನೆಯವರ ದುಃಖವನ್ನು ಗುರುತಿಸಿತು, ಆದರೆ ಅವರನ್ನು ಕೊಂದದ್ದು ತಪ್ಪೆಂದು ಹೇಳಲಿಲ್ಲ.

ಒಪ್ಪಂದಕ್ಕೆ ಮತ ಬಿದ್ದು ಮೂರು ತಿಂಗಳೂ ಆಗಿರಲಿಲ್ಲ, 1998ರ ಆಗಸ್ಟ್ 15ರ ಶನಿವಾರ ಮಧ್ಯಾಹ್ನ ಓಮಾ ಪಟ್ಟಣದ ಅಂಗಡಿಬೀದಿಯಲ್ಲಿ ಕಾರು ಬಾಂಬ್ ಸಿಡಿದು 29 ಜನ ಸತ್ತರು. ಅವರಲ್ಲೊಬ್ಬ ಮಹಿಳೆ ಅವಳಿ ಮಕ್ಕಳ ತುಂಬು ಗರ್ಭಿಣಿ. ಎಚ್ಚರಿಕೆಯ ಕರೆಗಳಲ್ಲಿ ಬಾಂಬ್ ಇರುವ ಜಾಗವನ್ನು ತಪ್ಪಾಗಿ ಹೇಳಿದ್ದರಿಂದ ಪೊಲೀಸರು ಜನರನ್ನು ಸುರಕ್ಷಿತವೆಂದು ತಿಳಿದು ಬಾಂಬಿನ ಹತ್ತಿರಕ್ಕೇ ಕಳುಹಿಸಿದ್ದರು. ದಾಳಿ ಮಾಡಿದ್ದು ಶಾಂತಿ ಪ್ರಕ್ರಿಯೆಯನ್ನು ತಿರಸ್ಕರಿಸಿ ಸಿಡಿದುಹೋಗಿದ್ದ ರಿಯಲ್ ಐಆರ್‌ಎ. ಶಿನ್ ಫೇನ್ ನಾಯಕರು ಅದನ್ನು ಖಂಡಿಸಿದರು. 2009ರ ಮಾರ್ಚ್‌ನಲ್ಲಿ ಭಿನ್ನಮತದ ಗುಂಪುಗಳು ಎರಡು ದಿನಗಳ ಅಂತರದಲ್ಲಿ ಇಬ್ಬರು ಸೈನಿಕರನ್ನೂ ಒಬ್ಬ ಪೊಲೀಸ್ ಅಧಿಕಾರಿಯನ್ನೂ ಕೊಂದಾಗ, ಒಂದು ಕಾಲದ ಐಆರ್‌ಎ ದಳಪತಿಯೂ ಆಗಿನ ಉಪ ಪ್ರಥಮ ಮಂತ್ರಿಯೂ ಆದ ಮಾರ್ಟಿನ್ ಮೆಗಿನಿಸ್ ಆ ಕೊಲೆಗಾರರನ್ನು ಐರ್ಲೆಂಡ್ ದ್ವೀಪದ ದ್ರೋಹಿಗಳೆಂದು ಕರೆದರು. ಭಿನ್ನಮತೀಯರ ಮರುಪ್ರಶ್ನೆ ಸಿದ್ಧವಾಗಿತ್ತು: ಅದೇ ಸೇನೆ, ಅದೇ ಗಡಿ, ಅದೇ ಗುರಿ ಇರುವಾಗ 1979ರಲ್ಲಿ ದೇಶಭಕ್ತಿಯಾಗಿದ್ದದ್ದು 2009ರಲ್ಲಿ ದ್ರೋಹವಾಗುವುದು ಹೇಗೆ? ಮೆಗಿನಿಸ್ ಕಡೆಯವರಿಗೆ ಇದಕ್ಕೆ ಇದ್ದ ಪ್ರಬಲ ಉತ್ತರ 1998ರ ಮೇ 22ರ ಮತದಾನವೇ. ಆದರೆ ಜನ ಮತ ಹಾಕಿದ ಮೇಲೆ ಹಿಂಸೆಗೆ ಅಧಿಕಾರವಿಲ್ಲ ಎಂದು ಒಪ್ಪಿದರೆ, ಅದಕ್ಕೆ ಮುಂಚಿನ ಮೂವತ್ತು ವರ್ಷಗಳಲ್ಲಿ ಜನ ಹಾಕಿದ ಮತಗಳಿಗೆ ಏನು ಬೆಲೆ ಎಂಬ ಪ್ರಶ್ನೆ ಏಳುತ್ತದೆ. ಅದು ಅವರಿಗೆ ಅನುಕೂಲದ ಪ್ರಶ್ನೆಯಲ್ಲ.

ಈ ಪ್ರಶ್ನೆ 2022ರ ಆಗಸ್ಟ್‌ನಲ್ಲಿ ಮತ್ತೆ ತಲೆಯೆತ್ತಿತು. ಮುಂದೆ 2024ರಲ್ಲಿ ಉತ್ತರ ಐರ್ಲೆಂಡಿನ ಪ್ರಥಮ ಮಂತ್ರಿಯಾದ ಶಿನ್ ಫೇನ್ ನಾಯಕಿ ಮಿಷೆಲ್ ಓ'ನೀಲ್, ಆ ಕಾಲದಲ್ಲಿ ಐಆರ್‌ಎ ಹಿಂಸೆಗೆ ಬೇರೆ ಪರ್ಯಾಯ ಇರಲಿಲ್ಲವೆಂದು ತಾವು ಭಾವಿಸುವುದಾಗಿಯೂ, ಈಗ ಒಪ್ಪಂದವೆಂಬ ಪರ್ಯಾಯ ಇರುವುದಾಗಿಯೂ ಬಿಬಿಸಿ ಸಂದರ್ಶನದಲ್ಲಿ ಹೇಳಿದರು. ಐಆರ್‌ಎಯಿಂದ ಮನೆಯವರನ್ನು ಕಳೆದುಕೊಂಡವರು ಕೆರಳಿದರು. ಆಕೆಯ ಮಾತಿಗೆ ಆಧಾರವೇ ಇಲ್ಲವೆನ್ನಲಾಗದು: 1968ರ ಅಕ್ಟೋಬರಿನಲ್ಲಿ ಡೆರಿಯಲ್ಲಿ ನಾಗರಿಕ ಹಕ್ಕುಗಳಿಗಾಗಿ ಶಾಂತಿಯುತವಾಗಿ ಮೆರವಣಿಗೆ ಹೊರಟವರಿಗೆ ಪೊಲೀಸರ ಲಾಠಿ ಸಿಕ್ಕಿತು, 1971ರಲ್ಲಿ ನೂರಾರು ಕ್ಯಾಥೊಲಿಕರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಲಾಯಿತು, 1972ರ ಜನವರಿ 30ರಂದು ಅದೇ ಡೆರಿಯಲ್ಲಿ ಬ್ರಿಟಿಷ್ ಪ್ಯಾರಾಶೂಟ್ ಪಡೆ ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸಿ 13 ಮಂದಿಯನ್ನು ಸ್ಥಳದಲ್ಲೇ ಕೊಂದಿತು. ಆದರೆ ಪರ್ಯಾಯವಿರಲಿಲ್ಲ ಎಂಬ ಮಾತು ಒಂದು ಸರಳ ಸಂಗತಿಯ ಮುಂದೆ ನಿಲ್ಲುವುದಿಲ್ಲ. ಅದೇ ಲಾಠಿ, ಅದೇ ಬಂಧನ, ಅದೇ ಗುಂಡುಗಳನ್ನು ಕಂಡ ಹ್ಯೂಮ್ ಮತ್ತು ಷೇಮಸ್ ಮ್ಯಾಲನ್ ಅವರ ಎಸ್‌ಡಿಎಲ್‌ಪಿ ಬಂದೂಕು ಹಿಡಿಯಲಿಲ್ಲ. ಸಂಘರ್ಷದ ಉದ್ದಕ್ಕೂ ಉತ್ತರದ ರಾಷ್ಟ್ರೀಯವಾದಿ ಮತದಾರರ ಹೆಚ್ಚಿನ ಮತಗಳು ಹೋದದ್ದು ಅವರಿಗೇ ಹೊರತು ಶಿನ್ ಫೇನ್‌ಗಲ್ಲ. ಶಿನ್ ಫೇನ್ ಅವರನ್ನು ಹಿಂದಿಕ್ಕಿದ್ದು 2001ರಲ್ಲಿ, ಅಂದರೆ ಐಆರ್‌ಎ ಕದನವಿರಾಮ ಘೋಷಿಸಿದ ಮೇಲೆ. ಯಾರ ಹೆಸರಿನಲ್ಲಿ ಯುದ್ಧ ನಡೆಯಿತೋ ಆ ಸಮುದಾಯದ ಬಹುಮತವೇ ಅದಕ್ಕೆ ಇರಲಿಲ್ಲವೆಂದ ಮೇಲೆ, ಅನ್ಯಾಯವಿತ್ತೆಂಬುದು ಅಧಿಕಾರವಿತ್ತೆಂಬುದಕ್ಕೆ ಪುರಾವೆಯಾಗುವುದಿಲ್ಲ.

1973ರ ಸನಿಂಗ್‌ಡೇಲ್ ಒಪ್ಪಂದವನ್ನು ಇಲ್ಲಿ ನೆನೆಯುವುದು ವಾಡಿಕೆ. ಅಧಿಕಾರ ಹಂಚಿಕೆ ಮತ್ತು ಡಬ್ಲಿನ್ ಜೊತೆಗಿನ ಸಂಬಂಧ ಎರಡನ್ನೂ ಅದು ಆಗಲೇ ಮುಂದಿಟ್ಟಿತ್ತು. 1998ರ ಒಪ್ಪಂದವೆಂದರೆ ತಡವಾಗಿ ಪಾಠ ಕಲಿಯುವವರಿಗಾಗಿ ಮಾಡಿದ ಸನಿಂಗ್‌ಡೇಲ್ ಎಂದು ಮ್ಯಾಲನ್ ಚುಚ್ಚಿದ ಮಾತು ಪ್ರಸಿದ್ಧ. ಐಆರ್‌ಎ ಅದನ್ನು ತಿರಸ್ಕರಿಸಿ ಬಾಂಬ್ ದಾಳಿಗಳನ್ನು ಮುಂದುವರಿಸಿತೆಂಬುದು ನಿಜ. ಆದರೆ 1974ರ ಮೇ ತಿಂಗಳಲ್ಲಿ ಅದನ್ನು ನೆಲಕ್ಕೆ ಕೆಡವಿದ್ದು ಲಾಯಲಿಸ್ಟ್ ಕಾರ್ಮಿಕರ ಮುಷ್ಕರ, ಮತ್ತು ಆ ಮುಷ್ಕರವನ್ನು ಮುರಿಯಲು ಮನಸ್ಸು ಮಾಡದ ಬ್ರಿಟಿಷ್ ಸರ್ಕಾರ. ಆ ಮುಷ್ಕರದ ನಡುವೆಯೇ, ಮೇ 17ರಂದು, ಲಾಯಲಿಸ್ಟ್ ಬಾಂಬುಗಳು ಡಬ್ಲಿನ್ ಮತ್ತು ಮೊನಹನ್ ಪಟ್ಟಣದಲ್ಲಿ 33 ಜನರನ್ನು ಕೊಂದವು. ಪಾಠ ಕಲಿಯಲು ತಡಮಾಡಿದವರು ಒಂದೇ ಕಡೆ ಇರಲಿಲ್ಲ.

ದಕ್ಷಿಣದ ಗಣರಾಜ್ಯದಲ್ಲಿ ವಾದದ ಸ್ವರೂಪ ಬೇರೆ. ಅಲ್ಲಿ ಬಹುಕಾಲ ಆಳಿದ ಫಿಯನ್ನ ಫಾಲ್ ಮತ್ತು ಫಿನ ಗೇಲ್ ಪಕ್ಷಗಳೆರಡೂ 1919-21ರ ಬಂದೂಕುಧಾರಿಗಳ ಸಂತಾನವೇ. ಶಾಲೆಗಳಿಗೂ ರಸ್ತೆಗಳಿಗೂ ರೈಲು ನಿಲ್ದಾಣಗಳಿಗೂ ಆ ಕಾಲದ ಬಂಡಾಯಗಾರರ ಹೆಸರುಗಳಿವೆ. ಹಳೆಯ ಐಆರ್‌ಎ ಒಳ್ಳೆಯದು, ಅದಕ್ಕೆ ಜನಾದೇಶವಿತ್ತು. ಹೊಸದು ಕೆಟ್ಟದ್ದು, ಅದಕ್ಕಿರಲಿಲ್ಲ ಎಂಬುದು ಆಳುವವರ ಅಧಿಕೃತ ನಿಲುವು. 1985ರಲ್ಲೇ ಶಿನ್ ಫೇನ್ 'ದ ಗುಡ್ ಓಲ್ಡ್ ಐಆರ್‌ಎ' ಎಂಬ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ, 1920ರ ಸುಮಾರಿನಲ್ಲಿ ನಡೆದ ಕೊಲೆಗಳ ಪಟ್ಟಿ ಕೊಟ್ಟು, ಈ ಭೇದ ಕೇವಲ ಬೂಟಾಟಿಕೆಯೆಂದು ವಾದಿಸಿತ್ತು. 2020ರ ನವೆಂಬರಿನಲ್ಲಿ ಆ ಪಕ್ಷದ ಡಾಯ್ಲ್ ಸದಸ್ಯ ಬ್ರಯನ್ ಸ್ಟ್ಯಾನ್ಲಿ, 1920ರ ಕಿಲ್‌ಮೈಕೆಲ್ ಹೊಂಚುದಾಳಿಯನ್ನೂ 1979ರ ನ್ಯಾರೋ ವಾಟರ್ ಬಾಂಬ್ ದಾಳಿಯನ್ನೂ ಒಂದೇ ಉಸಿರಿನಲ್ಲಿ ಹೊಗಳಿ ಟ್ವೀಟ್ ಮಾಡಿ, ಗದ್ದಲವಾದ ಮೇಲೆ ಕ್ಷಮೆ ಕೇಳಿದರು. ಮೊದಲನೆಯದನ್ನು ಗಣರಾಜ್ಯದಲ್ಲಿ ಸ್ಮಾರಕ ಕಟ್ಟಿ ಗೌರವಿಸಲಾಗಿದೆ. ಎರಡನೆಯದರಲ್ಲಿ 18 ಬ್ರಿಟಿಷ್ ಸೈನಿಕರು ಸತ್ತರು. ನ್ಯಾರೋ ವಾಟರ್ ಸ್ಫೋಟ ನಡೆದ 1979ರ ಆಗಸ್ಟ್ 27ರಂದೇ, ಭಾರತದ ಕೊನೆಯ ವೈಸರಾಯ್ ಆಗಿದ್ದ ಲಾರ್ಡ್ ಮೌಂಟ್‌ಬ್ಯಾಟನ್ ಐರ್ಲೆಂಡಿನ ಮಲ್ಲಘ್‌ಮೋರ್ ಕರಾವಳಿಯಲ್ಲಿ ದೋಣಿಯಲ್ಲಿದ್ದಾಗ ಐಆರ್‌ಎ ಇಟ್ಟ ಬಾಂಬಿಗೆ ಬಲಿಯಾದರು. ಅವರ ಜೊತೆಗೆ 14 ಮತ್ತು 15 ವಯಸ್ಸಿನ ಇಬ್ಬರು ಹುಡುಗರೂ 83ರ ವೃದ್ಧೆಯೊಬ್ಬರೂ ಸತ್ತರು. ಸೈನಿಕರನ್ನು ಕೊಂದದ್ದನ್ನು ಯುದ್ಧವೆಂದು ವಾದಿಸುವವರಿಗೂ ಆ ದೋಣಿಯ ಬಗ್ಗೆ ಮಾತನಾಡುವುದು ಕಷ್ಟವಾಗುತ್ತದೆ. 2021ರಲ್ಲಿ ಶಿನ್ ಫೇನ್ ಅಧ್ಯಕ್ಷೆ ಮೇರಿ ಲೂ ಮೆಕ್‌ಡೊನಾಲ್ಡ್ ಅದಕ್ಕಾಗಿ ವಿಷಾದ ವ್ಯಕ್ತಪಡಿಸಿದರು.

ತಾತ್ವಿಕವಾಗಿ ಕಾಣುವ ಈ ವಾದ ಸರ್ಕಾರಿ ಕಾಗದದ ಮೇಲೆ ಬಂದಾಗ ಎಷ್ಟು ತೊಡಕಾಗುತ್ತದೆಂಬುದನ್ನು 'ಸಂತ್ರಸ್ತ' ಯಾರೆಂಬ ಪ್ರಶ್ನೆ ತೋರಿಸುತ್ತದೆ. 1993ರ ಅಕ್ಟೋಬರ್ 23ರಂದು ಬೆಲ್‌ಫಾಸ್ಟಿನ ಶಾಂಕಿಲ್ ರಸ್ತೆಯ ಮೀನಂಗಡಿಗೆ ಇಬ್ಬರು ಐಆರ್‌ಎ ಸದಸ್ಯರು ಬಾಂಬ್ ತಂದರು. ಅಂಗಡಿಯ ಮೇಲ್ಮಹಡಿಯಲ್ಲಿ ಲಾಯಲಿಸ್ಟ್ ನಾಯಕರು ಸಭೆ ಸೇರಿದ್ದಾರೆಂಬುದು ಅವರ ಲೆಕ್ಕಾಚಾರ. ಅಂಥ ಸಭೆ ಅಂದು ಅಲ್ಲಿರಲಿಲ್ಲ. ಬಾಂಬ್ ಹೊತ್ತಿಗೆ ಮುಂಚೆ ಸಿಡಿದು ಮೀನು ಕೊಳ್ಳಲು ಬಂದವರೂ ಅಂಗಡಿಯವರೂ ಸೇರಿ ಒಂಬತ್ತು ಜನ ಸತ್ತರು, ಬಾಂಬ್ ಹೊತ್ತು ತಂದ ಥಾಮಸ್ ಬೆಗ್ಲಿ ಕೂಡ ಸತ್ತ. ಒಂದು ವಾರದ ನಂತರ ಗ್ರೇಸ್ಟೀಲ್ ಹಳ್ಳಿಯ ಬಾರಿಗೆ ನುಗ್ಗಿದ ಲಾಯಲಿಸ್ಟರು ಅದಕ್ಕೆ ಸೇಡೆಂದು ಎಂಟು ಜನರನ್ನು ಕೊಂದರು. ಶಾಂಕಿಲ್‌ನಲ್ಲಿ ಸತ್ತವರು ಒಂಬತ್ತೋ ಹತ್ತೋ? 2006ರ ಕಾನೂನಿನ ವ್ಯಾಖ್ಯೆಯಂತೆ ಸಂಘರ್ಷದಿಂದ ಗಾಯಗೊಂಡವರು, ಅವರನ್ನು ನೋಡಿಕೊಳ್ಳುವವರು, ಬಂಧುಗಳನ್ನು ಕಳೆದುಕೊಂಡವರು ಎಲ್ಲರೂ ಸಂತ್ರಸ್ತರೇ. ಬಾಂಬ್ ಇಟ್ಟವನ ತಂದೆತಾಯಿಗಳೂ ಬಾಂಬಿಗೆ ಸಿಕ್ಕಿದವರ ತಂದೆತಾಯಿಗಳೂ ಆ ಪಟ್ಟಿಯಲ್ಲಿ ಒಟ್ಟಿಗೇ ಬರುತ್ತಾರೆ. 2009ರ ಜನವರಿಯಲ್ಲಿ ಮಾಜಿ ಆರ್ಚ್‌ಬಿಷಪ್ ರಾಬಿನ್ ಈಮ್ಸ್ ಮತ್ತು ಡೆನಿಸ್ ಬ್ರಾಡ್ಲಿ ನೇತೃತ್ವದ ಸಮಿತಿಯು ಸತ್ತವರೆಲ್ಲರ ಹತ್ತಿರದ ಬಂಧುಗಳಿಗೂ ಭೇದವಿಲ್ಲದೆ 12,000 ಪೌಂಡ್ ಕೊಡಬೇಕೆಂದು ಸೂಚಿಸಿದಾಗ, ಬೆಲ್‌ಫಾಸ್ಟಿನ ಯುರೋಪಾ ಹೋಟೆಲಿನ ಸಭಾಂಗಣದಲ್ಲಿ ವರದಿ ಬಿಡುಗಡೆಗೂ ಮುನ್ನವೇ ಸತ್ತವರ ಬಂಧುಗಳು ಪರಸ್ಪರ ಮುಖಾಮುಖಿಯಾಗಿ ಕೂಗಾಡಿದರು. ಆ ಸೂಚನೆಯನ್ನು ಸರ್ಕಾರ ಕೈಬಿಟ್ಟಿತು.

ಅಳುವ ತಾಯಂದಿರಲ್ಲಿ ಭೇದವಿಲ್ಲವೆಂಬ ಈಮ್ಸ್-ಬ್ರಾಡ್ಲಿ ಸಮಿತಿಯ ಮಾನವೀಯ ನಿಲುವನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ದುಃಖ ಸಮಾನವೆಂಬುದರಿಂದ ಹೊಣೆಯೂ ಸಮಾನವೆಂದಾಗುವುದಿಲ್ಲ, ಮತ್ತು ಸರ್ಕಾರ ಕೊಡುವ ಹಣ ದುಃಖಕ್ಕೆ ಮಾತ್ರ ಸಂಬಂಧಿಸಿದ್ದೆಂದು ಯಾರೂ ನಂಬಲಿಲ್ಲ. ಅಂಗವಿಕಲರಾದವರಿಗೆ ಪಿಂಚಣಿ ಕೊಡುವ ಮುಂದಿನ ಯೋಜನೆಯಲ್ಲಿ, ತಮ್ಮದೇ ಬಾಂಬಿನಿಂದ ಗಾಯಗೊಂಡವರನ್ನು ಹೊರಗಿಡಲಾಯಿತು. ಆ ನಿಯಮವನ್ನು ವಿರೋಧಿಸಿ ಶಿನ್ ಫೇನ್ ಯೋಜನೆಯನ್ನು ತಡೆಹಿಡಿದದ್ದು ಕಾನೂನುಬಾಹಿರವೆಂದು 2020ರ ಆಗಸ್ಟ್‌ನಲ್ಲಿ ಹೈಕೋರ್ಟ್ ಹೇಳಿದ ಮೇಲೆ 2021ರಲ್ಲಿ ಅರ್ಜಿಗಳು ಶುರುವಾದವು. ಇನ್ನೊಂದು ಕಡೆ, 1984ರಲ್ಲಿ ಚರ್ಚಿನಿಂದ ಹೊರಬರುತ್ತಿದ್ದ 22 ವರ್ಷದ ಶಿಕ್ಷಕಿಯ ಕೊಲೆಗಾಗಿ ಶಿಕ್ಷೆಯಾಗಿದ್ದ ಮಹಿಳೆಯನ್ನು 2011ರಲ್ಲಿ ಶಿನ್ ಫೇನ್ ಸಚಿವೆಯೊಬ್ಬರ ವಿಶೇಷ ಸಲಹೆಗಾರ್ತಿಯಾಗಿ ನೇಮಿಸಿದ್ದಕ್ಕೆ ಶಿಕ್ಷಕಿಯ ಸೋದರಿ ಪ್ರತಿಭಟಿಸಿದ್ದರಿಂದ, ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು ಅಂಥ ಹುದ್ದೆಗೆ ಬರದಂತೆ 2013ರಲ್ಲಿ ಕಾನೂನಾಯಿತು. ಸಲಹೆಗಾರರಿಗೆ ಆ ನಿರ್ಬಂಧ, ಮಂತ್ರಿಗಳಿಗಿಲ್ಲ. ಜನ ಆರಿಸಿದವರನ್ನು ಕಾನೂನು ತಡೆಯಬಾರದೆಂಬುದು ಅದಕ್ಕೆ ಸಮರ್ಥನೆ.

ಪ್ರಭುತ್ವದ ಹಿಂಸೆಯನ್ನು ಈ ಲೆಕ್ಕದಿಂದ ಹೊರಗಿಟ್ಟರೆ ವಾದ ಒಕ್ಕಣ್ಣಿನದಾಗುತ್ತದೆ. ಕಾನೂನಿನ ಹೆಸರಿನಲ್ಲಿ ಬಂದೂಕು ಹಿಡಿಯುವವನು ಕಾನೂನನ್ನು ಮುರಿದಾಗ ಬಂಡಾಯಗಾರನಿಗಿಂತ ಹೆಚ್ಚಿನದನ್ನೇ ಮುರಿಯುತ್ತಾನೆ, ಏಕೆಂದರೆ ಬಂಡಾಯಗಾರನನ್ನು ಅಪರಾಧಿಯೆನ್ನಲು ಪ್ರಭುತ್ವಕ್ಕಿರುವ ಆಧಾರ ಆ ಕಾನೂನೊಂದೇ. ಡೆರಿಯ ಗುಂಡಿನ ದಾಳಿಯನ್ನು 1972ರಲ್ಲೇ ವಿಚಾರಿಸಿದ ಲಾರ್ಡ್ ವಿಜರಿ ಸೈನಿಕರನ್ನು ಬಹುಮಟ್ಟಿಗೆ ದೋಷಮುಕ್ತರನ್ನಾಗಿಸಿದರು. ಲಾರ್ಡ್ ಸ್ಯಾವಿಲ್ ಅವರ ಎರಡನೇ ವಿಚಾರಣೆ 12 ವರ್ಷ ನಡೆದು, ಸತ್ತವರಾರೂ ಗುಂಡೇಟಿಗೆ ಅರ್ಹರಾಗುವಂಥದೇನನ್ನೂ ಮಾಡಿರಲಿಲ್ಲವೆಂದು 2010ರಲ್ಲಿ ಹೇಳಿತು. ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ನಿಂತು, ನಡೆದದ್ದನ್ನು ಯಾವ ರೀತಿಯಿಂದಲೂ ಸಮರ್ಥಿಸಲಾಗದೆಂದು ಒಪ್ಪಿ ಕ್ಷಮೆ ಕೇಳಿದರು. ಅದೇ ಬ್ರಿಟಿಷ್ ಸಂಸತ್ತು 2023ರಲ್ಲಿ, ಮಾಹಿತಿ ಕೊಡುವವರಿಗೆ ಷರತ್ತಿನ ಮೇಲೆ ಮೊಕದ್ದಮೆಯಿಂದ ರಕ್ಷಣೆ ನೀಡುವ ಕಾನೂನು ಮಾಡಿತು. ಮಾಜಿ ಸೈನಿಕರನ್ನು ನ್ಯಾಯಾಲಯಗಳಿಂದ ಕಾಪಾಡುವುದು ಅದರ ಮುಖ್ಯ ಪ್ರೇರಣೆ. ಆದರೆ ಐಆರ್‌ಎಯವರಿಗೂ ಅದೇ ರಕ್ಷಣೆ ಸಿಗುವಂತಿತ್ತು. ಯಾವ ವಿಷಯದಲ್ಲೂ ಒಂದಾಗದ ಉತ್ತರ ಐರ್ಲೆಂಡಿನ ಪ್ರಮುಖ ಪಕ್ಷಗಳು ಈ ಒಂದನ್ನು ವಿರೋಧಿಸುವುದರಲ್ಲಿ ಒಂದಾದವು, ಐರಿಷ್ ಸರ್ಕಾರ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು, ಆ ರಕ್ಷಣೆ ಮಾನವ ಹಕ್ಕುಗಳಿಗೆ ವಿರುದ್ಧವೆಂದು 2024ರ ಫೆಬ್ರುವರಿಯಲ್ಲಿ ಬೆಲ್‌ಫಾಸ್ಟ್ ಹೈಕೋರ್ಟ್ ತೀರ್ಪು ಕೊಟ್ಟಿತು.

ಡೆರಿಯ ಕೊಲೆಗಳಿಗಾಗಿ ವಿಚಾರಣೆಗೆ ಒಳಗಾದ ಏಕೈಕ ಸೈನಿಕ, ನ್ಯಾಯಾಲಯದ ದಾಖಲೆಗಳಲ್ಲಿ 'ಸೋಲ್ಜರ್ ಎಫ್' ಎಂದಷ್ಟೇ ಕರೆಸಿಕೊಂಡಾತ, 2025ರ ಅಕ್ಟೋಬರಿನಲ್ಲಿ ಸಾಕ್ಷ್ಯ ಸಾಲದೆಂಬ ಕಾರಣಕ್ಕೆ ಖುಲಾಸೆಯಾದ. ಓಮಾ ಬಾಂಬಿನ ವಿಷಯದಲ್ಲಿ 2009ರ ಸಿವಿಲ್ ದಾವೆಯೊಂದರಲ್ಲಿ ನಾಲ್ವರು ಹೊಣೆಗಾರರೆಂದು ತೀರ್ಮಾನವಾಯಿತು. ದಾಳಿಯನ್ನು ತಡೆಯಬಹುದಾಗಿತ್ತೇ ಎಂಬುದನ್ನು ಪರಿಶೀಲಿಸುವ ಸಾರ್ವಜನಿಕ ವಿಚಾರಣೆ ಶುರುವಾದದ್ದು 2024ರಲ್ಲಿ. ಆ 29 ಜನರ ಕೊಲೆಗಾಗಿ ಕ್ರಿಮಿನಲ್ ನ್ಯಾಯಾಲಯದಲ್ಲಿ ಇದುವರೆಗೆ ಒಬ್ಬರಿಗೂ ಶಿಕ್ಷೆಯಾಗಿಲ್ಲ.